ನೆಲೆ ತಪ್ಪಿದವರಿಗೆ ನೀರು

ಸಂಸ್ಕೃತದಲ್ಲಿ ನೀರಿಗೆ 'ಜೀವನ' ಎಂಬ ಹೆಸರೊಂದುಂಟು. ಬದುಕಿಗೂ ನೀರಿಗೂ ಒಂದೇ ಮಾತನ್ನು ಬಳಸಿದ ಹಿರಿಯರು ಅವೆರಡರ ನಂಟನ್ನು ಚೆನ್ನಾಗಿ ಬಲ್ಲವರಾಗಿದ್ದರು. ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಟ್ಟು, ಆಮೇಲೆ ಕ್ಷೇಮಸಮಾಚಾರ ಕೇಳುವುದು ನಮ್ಮ ನಾಡಿನ ವಾಡಿಕೆ. ದಾರಿಹೋಕರಿಗಾಗಿ ಅರವಟ್ಟಿಗೆಗಳನ್ನು ಇಡಿಸಿ, ಅವುಗಳ ವೆಚ್ಚಕ್ಕೆ ದತ್ತಿ ಬಿಟ್ಟ ಸಂಗತಿ ನಮ್ಮ ಶಾಸನಗಳಲ್ಲಿ ಕಾಣಬರುತ್ತದೆ. ಬಾಯಾರಿದವನಿಗೆ ನೀರು ಕೊಡುವುದು ಪುಣ್ಯಕಾರ್ಯವೆಂದು ಎಲ್ಲ ಧರ್ಮಗಳೂ ಸಾರಿವೆ. ಆದರೆ ಕೊಟ್ಟ ನೀರು ಎಂಥದು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯವಾದುದು. ಪುಣ್ಯವೆಂದು ಕೊಟ್ಟ ನೀರೇ ಪ್ರಾಣಾಪಹಾರಿಯಾದ ಪ್ರಸಂಗಗಳು ಲೋಕದಲ್ಲಿ ಕಡಮೆಯೇನೂ ಇಲ್ಲ.

ಊರು ಎಂದರೆ ಮನೆಗಳ ಗುಂಪು ಮಾತ್ರವಲ್ಲ. ಯಾವ ಬಾವಿಯ ನೀರು ಸಿಹಿ, ಯಾವುದು ಸವುಳು, ಕೆರೆಯ ಯಾವ ದಡದಲ್ಲಿ ದನಕರುಗಳ ಮೈ ತೊಳೆಯಬೇಕು, ಎಲ್ಲಿ ಬಟ್ಟೆ ಒಗೆಯಬೇಕು, ಯಾವ ತಿಂಗಳಲ್ಲಿ ಯಾವ ಹಳ್ಳ ಬತ್ತುತ್ತದೆ ಎಂಬ ತಿಳಿವಳಿಕೆಯೂ ಊರಿನ ಆಸ್ತಿಯೇ. ಅದು ಹಲವು ತಲೆಮಾರುಗಳ ಅನುಭವದಿಂದ ಕೂಡಿಬಂದದ್ದು. ಯುದ್ಧದಿಂದಲೋ ನೆರೆಯಿಂದಲೋ ಭೂಕಂಪದಿಂದಲೋ ಜನರು ತಮ್ಮ ಊರನ್ನು ಬಿಟ್ಟು ಓಡಬೇಕಾಗಿ ಬಂದಾಗ ಮನೆಮಾರುಗಳೊಡನೆ ಈ ಆಸ್ತಿಯೂ ಕಳೆದುಹೋಗುತ್ತದೆ. ಅವರು ಬಂದು ನಿಂತ ಬಯಲಿನಲ್ಲಿ ಬಾವಿ ಎಲ್ಲಿದೆಯೋ ತಿಳಿಯದು; ಇದ್ದರೂ ಅದು ನೂರು ಜನರಿಗೆ ತೋಡಿದ ಬಾವಿ, ಬಂದವರು ಹತ್ತು ಸಾವಿರ. ಇಂಥ ಶಿಬಿರಗಳಲ್ಲಿ ಶತ್ರುವಿನ ಗುಂಡಿಗಿಂತಲೂ ಕೊಡದ ನೀರು ಹೆಚ್ಚು ಜನರನ್ನು ಕೊಂದುದುಂಟು. ಅದು ಹೇಗೆ, ಅದನ್ನು ತಡೆಯುವ ಬಗೆ ಯಾವುದು ಎಂಬುದನ್ನು ಈ ಪಾಠದಲ್ಲಿ ನೋಡೋಣ.

1971ನೆಯ ಇಸವಿ. ಅಂದಿನ ಪೂರ್ವ ಪಾಕಿಸ್ತಾನದಲ್ಲಿ, ಎಂದರೆ ಇಂದಿನ ಬಾಂಗ್ಲಾದೇಶದಲ್ಲಿ, ಸೈನ್ಯದ ದಮನಕ್ಕೆ ಹೆದರಿ ಜನರು ತಂಡೋಪತಂಡವಾಗಿ ಗಡಿ ದಾಟಿ ಭಾರತಕ್ಕೆ ಬರತೊಡಗಿದರು. ಆ ವರ್ಷ ಮುಗಿಯುವ ವೇಳೆಗೆ ಬಂದವರ ಸಂಖ್ಯೆ ಸುಮಾರು ಒಂದು ಕೋಟಿ. ನಾನಾಗ ಪ್ರಾಥಮಿಕ ಶಾಲೆಯ ಹುಡುಗ. ನಿರಾಶ್ರಿತರ ನೆರವಿಗಾಗಿ ಆ ವರ್ಷದ ನವೆಂಬರಿನಿಂದ ಕಾಗದಗಳಿಗೆ ಐದು ಪೈಸೆಯ ಹೆಚ್ಚುವರಿ ಅಂಚೆಚೀಟಿಯನ್ನು ಹಚ್ಚಬೇಕಾಗಿತ್ತು. ಆ ಪುಟ್ಟ ಚೀಟಿಯನ್ನು ಅಂಟಿಸುತ್ತ, ಇದು ಯಾರಿಗಾಗಿ ಎಂದು ತಂದೆಯವರನ್ನು ಕೇಳಿದ ನೆನಪು ನನಗಿನ್ನೂ ಇದೆ. "ಮನೆ ಬಿಟ್ಟು ಬಂದವರಿಗಪ್ಪಾ" ಎಂದಷ್ಟೇ ಅವರು ಹೇಳಿದ್ದರು. ಅವರ ಪಾಡು ಎಂಥದೆಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ.

ಬಂದವರಲ್ಲಿ ಹೆಚ್ಚಿನವರು ಪಶ್ಚಿಮ ಬಂಗಾಳ, ತ್ರಿಪುರ, ಮೇಘಾಲಯ, ಅಸ್ಸಾಂಗಳಲ್ಲಿ ನೆಲೆ ಕಂಡರು. ಶಾಲೆಗಳು, ಡೇರೆಗಳು, ಮರದ ಬುಡಗಳು ತುಂಬಿದವು. ಕಲ್ಕತ್ತದ ಅಂಚಿನ ಸಾಲ್ಟ್ ಲೇಕ್ ಬಯಲಿನಲ್ಲಿ, ಚರಂಡಿಗೆಂದು ತಂದು ಇಟ್ಟಿದ್ದ ದೊಡ್ಡ ಕಾಂಕ್ರೀಟು ಕೊಳವೆಗಳೊಳಗೇ ಸಂಸಾರಗಳು ಬಿಡಾರ ಹೂಡಿದವು. ಅಷ್ಟರಲ್ಲಿ ಮಳೆಗಾಲ ಹಿಡಿಯಿತು. ಬಯಲಿನ ಹೊಲಸೆಲ್ಲ ಹರಿದು ಕೊಳಗಳನ್ನು ಸೇರಿತು. ಅದೇ ಕೊಳದ ನೀರು ಸ್ನಾನಕ್ಕೆ, ಪಾತ್ರೆಗೆ, ಕೊನೆಗೆ ಕುಡಿಯುವುದಕ್ಕೂ ಬಳಕೆಯಾಯಿತು. ಕಾಲರಾ ಕಾಣಿಸಿಕೊಂಡಿತು.

ಕಾಲರಾ ರೋಗದ ಬಗೆಯನ್ನು ಇಲ್ಲಿ ತುಸು ಅರಿಯಬೇಕು. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ 1884ರಲ್ಲಿ ಇದೇ ಕಲ್ಕತ್ತದಲ್ಲಿ, ರೋಗಿಗಳ ಕರುಳಿನಲ್ಲಿಯೂ ಜನರು ಬಳಸುತ್ತಿದ್ದ ಕೊಳದ ನೀರಿನಲ್ಲಿಯೂ ಅದರ ಜೀವಾಣುವನ್ನು ತೋರಿಸಿದನು. ರೋಗಿಯ ಮಲದೊಡನೆ ಹೊರಬಿದ್ದ ಜೀವಾಣು ನೀರನ್ನು ಸೇರಿ, ನೀರಿನ ಮೂಲಕ ಮತ್ತೊಬ್ಬನ ಬಾಯನ್ನು ಸೇರುತ್ತದೆ. ಕರುಳನ್ನು ಹೊಕ್ಕ ಅದು ಒಂದು ಬಗೆಯ ವಿಷವನ್ನು ಸ್ರವಿಸುತ್ತದೆ. ಆ ವಿಷದ ಪ್ರಭಾವದಿಂದ ಮೈಯೊಳಗಿನ ನೀರು, ಲವಣಗಳು ಅಕ್ಕಿ ತೊಳೆದ ನೀರಿನಂಥ ಭೇದಿಯಾಗಿ ಸೋರಿಹೋಗುತ್ತವೆ. ಬೆಳಗ್ಗೆ ಗಟ್ಟಿಮುಟ್ಟಾಗಿದ್ದವನು ಸಂಜೆಯೊಳಗೆ ಕಣ್ಣು ಗುಳಿಬಿದ್ದು, ನಾಡಿ ಸಿಕ್ಕದೆ ಸಾಯಬಹುದು. ಕಳೆದುಹೋದ ನೀರನ್ನೂ ಲವಣವನ್ನೂ ಕೂಡಲೆ ಮೈಗೆ ಮರಳಿಸಿದರೆ ಅದೇ ರೋಗಿ ಎದ್ದು ಕೂಡುತ್ತಾನೆ. ಆ ಕಾಲದಲ್ಲಿ ಇದಕ್ಕಿದ್ದ ರೂಢಿಯ ಉಪಾಯ ಒಂದೇ: ಸೂಜಿಯ ಮೂಲಕ ರಕ್ತನಾಳಕ್ಕೆ ಲವಣಜಲವನ್ನು ಹರಿಸುವುದು.

ಗಡಿಯ ಬಳಿಯ ಬನಗಾಂವ್ ಪಟ್ಟಣದ ಆಸ್ಪತ್ರೆಗೆ ಜೂನ್ ತಿಂಗಳ ಕೊನೆಯಲ್ಲಿ ಡಾಕ್ಟರ್ ದಿಲೀಪ್ ಮಹಲಾನಬಿಸ್ ಎಂಬ ಮೂವತ್ತಾರು ವರ್ಷದ ವೈದ್ಯರು ಬಂದರು. ಅವರು ಕಲ್ಕತ್ತದ ಒಂದು ಸಂಶೋಧನ ಕೇಂದ್ರದಲ್ಲಿ ಕೆಲಸಮಾಡುತ್ತಿದ್ದವರು. ಆಸ್ಪತ್ರೆಯ ಎರಡು ಕೊಠಡಿಗಳಲ್ಲಿ ಹಾಸಿಗೆಗಳು ಸಾಲದೆ ರೋಗಿಗಳು ನೆಲದ ಮೇಲೆ ಒಬ್ಬರಿಗೊಬ್ಬರು ತಾಗಿ ಮಲಗಿದ್ದರು. ವೈದ್ಯರು ಆ ಹೊಲಸಿನ ನಡುವೆ ಮೊಣಕಾಲೂರಿ ಕುಳಿತು ಸೂಜಿ ಚುಚ್ಚಬೇಕಾಗಿತ್ತು. ಲವಣಜಲದ ಬಾಟಲಿಗಳು ಮುಗಿಯುತ್ತ ಬಂದಿದ್ದವು; ಸೂಜಿ ಚುಚ್ಚಬಲ್ಲವರು ಬೆರಳೆಣಿಕೆಯವರು. ಒಂದೆರಡು ದಿನಗಳಲ್ಲಿಯೇ ಈ ಹೋರಾಟದಲ್ಲಿ ತಾವು ಸೋಲುತ್ತಿರುವರೆಂಬುದು ಮಹಲಾನಬಿಸ್ ಅವರಿಗೆ ಮನದಟ್ಟಾಯಿತು.

ಆಗ ಅವರು ಒಂದು ದಿಟ್ಟ ನಿರ್ಧಾರವನ್ನು ಕೈಗೊಂಡರು. ಸಕ್ಕರೆಯ ಅಂಶವಾದ ಗ್ಲುಕೋಸ್ ಜೊತೆಗಿದ್ದರೆ, ಕಾಲರಾ ಹಿಡಿದ ಕರುಳು ಕೂಡ ಉಪ್ಪನ್ನೂ ನೀರನ್ನೂ ಹೀರಿಕೊಳ್ಳುತ್ತದೆ ಎಂಬುದು ಢಾಕಾ ಮತ್ತು ಕಲ್ಕತ್ತಗಳಲ್ಲಿ ನಡೆದ ಸಂಶೋಧನೆಗಳಿಂದ ಆ ವೇಳೆಗೆ ತಿಳಿದುಬಂದಿತ್ತು. ಆದರೆ ವೈದ್ಯರ ಕಾವಲಿಲ್ಲದ ಶಿಬಿರದಲ್ಲಿ, ಸಾವಿರಾರು ಜನರಿಗೆ ಇದನ್ನು ಕುಡಿಸಿ ನೋಡಿದವರು ಯಾರೂ ಇರಲಿಲ್ಲ. ಮಹಲಾನಬಿಸ್ ಅವರು ಒಂದು ಲೀಟರು ನೀರಿಗೆ 22 ಗ್ರಾಂ ಗ್ಲುಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡ ಎಂಬ ಸರಳವಾದ ಅಳತೆಯನ್ನು ಗೊತ್ತುಮಾಡಿದರು. ಕಲ್ಕತ್ತದ ತಮ್ಮ ಕೇಂದ್ರದ ಪುಸ್ತಕಾಲಯದ ಕೋಣೆಯಲ್ಲಿಯೇ ಪುಡಿಯನ್ನು ತೂಗಿ ಪಾಲಿಥೀನ್ ಚೀಲಗಳಿಗೆ ತುಂಬಿ, ಕಾದ ಇಸ್ತ್ರಿಪೆಟ್ಟಿಗೆಯಿಂದ ಬಾಯಿ ಬೆಸೆದು ಬನಗಾಂವಿಗೆ ಕಳುಹಿಸತೊಡಗಿದರು. ಅಲ್ಲಿ ಅದನ್ನು ನಲ್ಲಿಯಿರುವ ಪೀಪಾಯಿಗಳಲ್ಲಿ ಕದಡಿ ಇಡಲಾಯಿತು. ತಾಯಿ ಮಗುವಿಗೆ, ಅಣ್ಣ ತಂಗಿಗೆ, ಗಂಡ ಹೆಂಡತಿಗೆ ಲೋಟದಲ್ಲಿ ಕುಡಿಸಿದರು. ರೋಗಿಯ ಬಂಧುವೇ ದಾದಿಯಾದನು. ಒಂದು ಲೀಟರಿಗೆ ತಗಲಿದ ವೆಚ್ಚ ಸುಮಾರು 11 ಪೈಸೆ.

ಪರಿಣಾಮವು ವೈದ್ಯಲೋಕವನ್ನು ಬೆರಗುಗೊಳಿಸಿತು. ಶಿಬಿರಗಳಲ್ಲಿ ಮೊದಲು ನೂರಕ್ಕೆ ಮೂವತ್ತರಂತೆ ಸಾಯುತ್ತಿದ್ದ ರೋಗಿಗಳ ಪ್ರಮಾಣ, ಈ ತಂಡದ ಆರೈಕೆ ಪಡೆದ ಮೂರು ಸಾವಿರಕ್ಕೂ ಹೆಚ್ಚು ಜನರಲ್ಲಿ ನೂರಕ್ಕೆ 3.6ಕ್ಕೆ ಇಳಿಯಿತು. ಮುಂದೆ ಇದೇ ವಿಧಾನ ಲೋಕವ್ಯಾಪಿಯಾಯಿತು. ಇಂದು ಓಆರ್‌ಎಸ್ ಎಂದು ಔಷಧದ ಅಂಗಡಿಗಳಲ್ಲಿ ದೊರೆಯುವ ಪೊಟ್ಟಣ ಅದರ ಸುಧಾರಿತ ರೂಪವೇ. ಪೊಟ್ಟಣ ದೊರೆಯದ ಕಡೆ, ಒಂದು ಲೀಟರು ಶುದ್ಧ ನೀರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ ಮತ್ತು ಅರ್ಧ ಚಮಚ ಉಪ್ಪು ಬೆರೆಸಿ ಕುಡಿಸಬಹುದು. ಉಪ್ಪು ಹೆಚ್ಚಾಗದಂತೆ ಎಚ್ಚರವಿರಬೇಕು. ಮಹಲಾನಬಿಸ್ ಅವರು 2022ರಲ್ಲಿ ತೀರಿಕೊಂಡರು. ಮರುವರ್ಷ ಭಾರತ ಸರ್ಕಾರವು ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿಯನ್ನು ನೀಡಿ ಗೌರವಿಸಿತು.

ಆದರೆ ಬನಗಾಂವಿನ ಕಥೆಯನ್ನು ಇಷ್ಟಕ್ಕೇ ಮುಗಿಸಿದರೆ ಅದರ ಅರ್ಧ ಪಾಠವನ್ನು ಮಾತ್ರ ಕಲಿತಂತಾಗುತ್ತದೆ. ಆ ದ್ರಾವಣವು ರೋಗ ಬಂದವರನ್ನು ಉಳಿಸಿತು. ರೋಗ ಬಾರದಂತೆ ತಡೆಯಲಿಲ್ಲ. ಹೊತ್ತಿಕೊಂಡ ಬೆಂಕಿಯನ್ನು ನಂದಿಸುವುದು ಬೇರೆ, ಬೆಂಕಿ ಹತ್ತದಂತೆ ನೋಡಿಕೊಳ್ಳುವುದು ಬೇರೆ. ಈ ಎರಡನೆಯ ಕೆಲಸದಲ್ಲಿ ತಪ್ಪಿದರೆ ಏನಾಗುವುದೆಂಬುದನ್ನು ಆಫ್ರಿಕದ ಗೋಮಾ ಪಟ್ಟಣ ತೋರಿಸಿಕೊಟ್ಟಿತು.

1994ರ ಜುಲೈ ತಿಂಗಳಲ್ಲಿ ರುವಾಂಡ ದೇಶದಿಂದ ಐದರಿಂದ ಎಂಟು ಲಕ್ಷದಷ್ಟು ಜನರು ಕೆಲವೇ ದಿನಗಳಲ್ಲಿ ಗಡಿ ದಾಟಿ, ಅಂದು ಝೈರೆ ಎನಿಸಿದ್ದ ಇಂದಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಗೋಮಾ ಪ್ರದೇಶಕ್ಕೆ ಬಂದರು. ಅಲ್ಲಿ ನೀರಿಗೆ ಬರವಿರಲಿಲ್ಲ. ಪಟ್ಟಣದ ಮಗ್ಗುಲಲ್ಲಿಯೇ ಕಿವು ಎಂಬ ವಿಶಾಲವಾದ ಸರೋವರವಿತ್ತು. ಆದರೆ ಆ ನೀರನ್ನು ಶುದ್ಧಿಮಾಡಿ ಶಿಬಿರಗಳಿಗೆ ಒಯ್ಯುವ ಏರ್ಪಾಡು ಸಿದ್ಧವಿರಲಿಲ್ಲ. ಜನರು ಬಾಯಾರಿ ಸರೋವರದ ನೀರನ್ನು ಹಾಗೆಯೇ ಕುಡಿದರು. ನೆಲವೋ ಜ್ವಾಲಾಮುಖಿಯ ಗಟ್ಟಿ ಬಂಡೆ. ಶೌಚಗುಂಡಿಗಳನ್ನು ತೋಡಲು ಗುದ್ದಲಿ ಇಳಿಯದು. ಮೊದಲ ವಾರದಲ್ಲಿ ತಲೆಗೊಂದಕ್ಕೆ ದಿನಕ್ಕೆ ದೊರೆತ ಶುದ್ಧ ನೀರು ಕಾಲು ಲೀಟರಿಗಿಂತಲೂ ಕಡಮೆ. ಕಾಲರಾ, ಆಮೇಲೆ ಆಮಶಂಕೆ ಹರಡಿ, ಒಂದು ತಿಂಗಳಲ್ಲಿ ಸುಮಾರು ಐವತ್ತು ಸಾವಿರ ಜನರು ಸತ್ತರು. ನಮ್ಮ ಗಾದೆಯ ಮಾತಿನಂತೆ ಬಾಯಾರಿದಾಗ ಬಾವಿ ತೋಡಲು ಹೊರಟದ್ದರ ಫಲವಿದು.

ಈ ದುರಂತ ಲೋಕದ ಕಣ್ಣು ತೆರೆಸಿತು. ಸಂತ್ರಸ್ತರಿಗೆ ನೆರವು ನೀಡುವ ಹಲವು ಸಂಸ್ಥೆಗಳು ಒಂದುಗೂಡಿ 1997ರಲ್ಲಿ ಸ್ಫಿಯರ್ ಎಂಬ ಯೋಜನೆಯನ್ನು ಆರಂಭಿಸಿ, ಶಿಬಿರಗಳಲ್ಲಿ ಪಾಲಿಸಬೇಕಾದ ಕನಿಷ್ಠ ಮಟ್ಟಗಳನ್ನು ಗೊತ್ತುಮಾಡಿದವು. ಅದರಂತೆ ಕುಡಿಯಲು, ಅಡುಗೆಗೆ ಮತ್ತು ಮೈ ತೊಳೆಯಲು ಒಬ್ಬನಿಗೆ ದಿನಕ್ಕೆ ಕಡೆಯ ಪಕ್ಷ 15 ಲೀಟರು ನೀರು ದೊರೆಯಬೇಕು. ಇದು ಹೆಚ್ಚುಕಡಮೆ ಒಂದು ಕೊಡ. ಒಂದು ನಲ್ಲಿಗೆ 250ಕ್ಕಿಂತ, ಒಂದು ಕೈಪಂಪಿಗೆ 500ಕ್ಕಿಂತ ಹೆಚ್ಚು ಜನರು ಇರಬಾರದು. ನೀರಿನ ತಾಣ ಬಿಡಾರದಿಂದ 500 ಮೀಟರಿಗಿಂತ ದೂರವಿರಬಾರದು. ಸರದಿಯಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಕಾಯಿಸಬಾರದು. ಈ ಅಂಕಿಗಳು ಒಣ ಲೆಕ್ಕವೆಂದು ತೋರಬಹುದು. ಆದರೆ ನೀರು ತರುವ ಕೆಲಸ ಬಹುಪಾಲು ಹೆಂಗಸರ ಮತ್ತು ಹೆಣ್ಣುಮಕ್ಕಳ ಪಾಲಿನದು. ನಲ್ಲಿ ದೂರವಾದಷ್ಟೂ ಅವರ ಶಾಲೆ ದೂರವಾಗುತ್ತದೆ. ನೀರು ಸಾಲದೆ ಹೋದಾಗ ಮನೆಯವರು ಮೊದಲು ಬಿಟ್ಟುಬಿಡುವುದು ಕೈ ತೊಳೆಯುವುದನ್ನು. ರೋಗ ಕಾಯುತ್ತಿರುವುದು ಆ ಗಳಿಗೆಯನ್ನೇ.

ಇನ್ನು ನೀರಿನ ಶುದ್ಧಿಯ ವಿಚಾರ. ತಿಳಿಯಾದ ನೀರೆಲ್ಲ ಶುದ್ಧವಾದ ನೀರಲ್ಲ. ರೋಗಾಣುಗಳು ಕಣ್ಣಿಗೆ ಕಾಣುವುದಿಲ್ಲ. ಅವುಗಳಿಗೆ ಬಣ್ಣವಿಲ್ಲ, ರುಚಿಯಿಲ್ಲ. ಕದಡಿದ ನೀರನ್ನು ಮೊದಲು ಪಟಕ ಹಾಕಿ ತಿಳಿಯಾಗಿಸಬೇಕು. ಆಮೇಲೆ ಅದಕ್ಕೆ ಕ್ಲೋರಿನ್ ಸೇರಿಸಬೇಕು. ಕೆಸರು ನೀರಿಗೇ ಕ್ಲೋರಿನ್ ಹಾಕಿದರೆ ಅದು ಕೆಸರಿನೊಡನೆಯೇ ವ್ಯಯವಾಗಿ, ರೋಗಾಣುಗಳು ಉಳಿದುಬಿಡುತ್ತವೆ. ಬ್ಲೀಚಿಂಗ್ ಪುಡಿಯನ್ನೋ ಕ್ಲೋರಿನ್ ಮಾತ್ರೆಯನ್ನೋ ಹಾಕಿದ ಮೇಲೆ ಅರ್ಧ ಗಂಟೆ ಬಿಡಬೇಕು. ರೋಗಾಣುಗಳನ್ನು ಕೊಂದ ಬಳಿಕವೂ ನೀರಿನಲ್ಲಿ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಬಲ್ಲವರು ಹೇಳುತ್ತಾರೆ. ಹೀಗೆ ಉಳಿದ ಅಂಶವೇ ನೀರು ನಲ್ಲಿಯಿಂದ ಬಿಡಾರಕ್ಕೆ ಹೋಗುವ ದಾರಿಯಲ್ಲಿ ಅದರ ಕಾವಲುಗಾರ. ಕುದಿಸುವುದೂ ಒಳ್ಳೆಯ ಉಪಾಯವೇ. ಆದರೆ ಗಂಜಿ ಬೇಯಿಸಲು ಸೌದೆಯಿಲ್ಲದ ಶಿಬಿರದಲ್ಲಿ ನೀರು ಕುದಿಸಿರೆಂದು ಹೇಳುವುದು ಸುಲಭವಲ್ಲ.

ನಲ್ಲಿಯಲ್ಲಿ ಶುದ್ಧವಾಗಿದ್ದ ನೀರು ಬಿಡಾರದಲ್ಲಿ ಕೆಡುವುದುಂಟು. ಬಾಯಿ ಅಗಲವಾದ ಬಕೀಟಿಗೆ ಕೈ ಅದ್ದಿ ಲೋಟ ಮುಳುಗಿಸಿದರೆ ಸಾಕು, ಕೈಯ ಕೊಳೆಯೆಲ್ಲ ನೀರಿಗೆ ಇಳಿಯುತ್ತದೆ. 1993ರಲ್ಲಿ ಆಫ್ರಿಕದ ಮಲಾವಿ ದೇಶದಲ್ಲಿ, ಮೊಜಾಂಬಿಕ್ ನಿರಾಶ್ರಿತರ ಒಂದು ಶಿಬಿರದಲ್ಲಿ ಇದನ್ನು ಪರೀಕ್ಷಿಸಲಾಯಿತು. ಕೆಲವು ಕುಟುಂಬಗಳಿಗೆ ಕೈ ಹಾಕಲಾಗದಂತೆ ಮುಚ್ಚಳವೂ ಸುರಿಯಲು ಕೊಕ್ಕೂ ಇರುವ ಬಕೀಟುಗಳನ್ನು ಕೊಟ್ಟರು. ಆ ಮನೆಗಳ ಐದು ವರ್ಷದೊಳಗಿನ ಮಕ್ಕಳಲ್ಲಿ ಭೇದಿಯ ಪ್ರಮಾಣ ನೂರಕ್ಕೆ 31ರಷ್ಟು ಕಡಮೆಯಾಯಿತು. ನೀರು ಅದೇ, ನಲ್ಲಿ ಅದೇ. ಬೇರೆಯಾದದ್ದು ಪಾತ್ರೆಯ ಬಾಯಿ ಮಾತ್ರ. ಉದ್ದ ಹಿಡಿಯ ಸೌಟಿನಿಂದ ನೀರು ತೆಗೆದುಕೊಳ್ಳಬೇಕೆಂದು ಅಜ್ಜಿಯರು ಗದರಿಸುತ್ತಿದ್ದುದರ ಮರ್ಮವೂ ಇದೇ ಅಲ್ಲವೆ?

ಶೌಚಾಲಯದ ನೆಲೆಯನ್ನೂ ನೀರಿನ ಲೆಕ್ಕದಲ್ಲಿಯೇ ಸೇರಿಸಬೇಕು. ಶೌಚಗುಂಡಿಯು ನೀರಿನ ಸೆಲೆಯಿಂದ ಕನಿಷ್ಠ 30 ಮೀಟರು ದೂರವಿರಬೇಕು. ಗುಂಡಿಯ ತಳವು ಅಂತರ್ಜಲದ ಮಟ್ಟಕ್ಕಿಂತ ಒಂದೂವರೆ ಮೀಟರು ಮೇಲಿರಬೇಕು. 2017ರ ಆಗಸ್ಟಿನ ಬಳಿಕ ಮ್ಯಾನ್ಮಾರ್ ದೇಶದಿಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನರು ಬಾಂಗ್ಲಾದೇಶದ ಕಾಕ್ಸ್ ಬಜಾರ್ ಜಿಲ್ಲೆಗೆ ಓಡಿಬಂದರು. ಅಂದಿಗೆ ನಲವತ್ತಾರು ವರ್ಷಗಳ ಹಿಂದೆ ಆಶ್ರಯ ಬೇಡಿದ್ದ ನಾಡು ಈಗ ಆಶ್ರಯ ನೀಡುವ ನಾಡಾಯಿತು. ಇಕ್ಕಟ್ಟಿನ ಗುಡ್ಡಗಳ ಮೇಲೆ, ಅವಸರದಲ್ಲಿ, ಆಳವಿಲ್ಲದ ಕೊಳವೆಬಾವಿಗಳನ್ನು ಶೌಚಗುಂಡಿಗಳ ಪಕ್ಕದಲ್ಲಿಯೇ ತೋಡಿದ್ದರಿಂದ ಎಷ್ಟೋ ಕಡೆ ನೀರು ಕೆಟ್ಟಿತು. ಮುಂದೆ ಆಳವಾದ ಬಾವಿಗಳನ್ನು ಕೊರೆದು, ಕ್ಲೋರಿನ್ ಸೇರಿಸಿದ ನೀರನ್ನು ಕೊಳವೆಗಳಲ್ಲಿ ಹರಿಸಬೇಕಾಯಿತು. ಕಾಲರಾ ತಡೆಯುವ ಲಸಿಕೆಯನ್ನೂ ಲಕ್ಷಾಂತರ ಜನರಿಗೆ ಬಾಯಿಯ ಮೂಲಕ ಕೊಡಲಾಯಿತು.

ಇವೆಲ್ಲ ದೂರದ ಮಾತುಗಳೆಂದು ನಾವು ಸುಮ್ಮನಿರುವಂತಿಲ್ಲ. ನೆಲೆ ತಪ್ಪಿ ಬಂದವರಿಗೆ ಕನ್ನಡ ನಾಡೂ ನೆಲೆ ನೀಡಿದೆ. 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ಟಿಬೆಟಿನ ಜನರು, ಆಮೇಲೆ ಸಿಂಧನೂರಿನ ಸುತ್ತ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳು ನೆಲಸಿದವು. ನೆರೆ ಬಂದಾಗ ನಮ್ಮವರೇ ನಿರಾಶ್ರಿತರಾಗುತ್ತಾರೆ. 2009ರ ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕದ ಹೊಳೆಗಳು ಉಕ್ಕಿದಾಗ ನಾನು ಪಾಠ ಹೇಳುತ್ತಿದ್ದ ಶಾಲೆಯೇ ಗಂಜಿ ಕೇಂದ್ರವಾಯಿತು. ಅಂಗಳದಲ್ಲಿ ನೀರಿನ ಪೀಪಾಯಿಗಳನ್ನು ಇಟ್ಟಿದ್ದರು, ಮುಚ್ಚಳವಿರಲಿಲ್ಲ. ಎಲ್ಲರೂ ಕೈ ಅದ್ದಿ ನೀರು ಕುಡಿದರು. ಮೂರನೆಯ ದಿನ ಕೆಲವು ಮಕ್ಕಳಿಗೆ ಭೇದಿ ಹತ್ತಿತು. ಆರೋಗ್ಯ ಸಹಾಯಕಿಯೊಬ್ಬರು ಬಂದು ನೀರಿಗೆ ಔಷಧ ಹಾಕಿಸಿದಾಗ, ಮುದುಕಿಯೊಬ್ಬಳು ಲೋಟವನ್ನು ದೂರ ಸರಿಸಿ, "ಈ ನೀರು ಔಷಧದ ವಾಸನಿ ಹೊಡೀತೈತ್ರಿ ಮಾಸ್ತರ, ನಮಗ ಹೊಳಿ ನೀರ ರುಚಿ" ಎಂದಳು. "ಆ ವಾಸನಿನ ಈ ನೀರಿನ ಕಾವಲು ಯವ್ವಾ. ನಿನ್ನ ಮೊಮ್ಮಗನ್ನ ಕಾಯಾಕತ್ತೈತಿ" ಎಂದೆ. ಅವಳು ಮಲಗಿದ್ದ ಮೊಮ್ಮಗನ ಕಡೆಗೊಮ್ಮೆ ನೋಡಿ, ಲೋಟವನ್ನು ಎತ್ತಿಕೊಂಡಳು.

ಆ ಸಂಜೆಯಿಂದ ನಮ್ಮ ಒಂಬತ್ತನೆಯ ತರಗತಿಯ ಹುಡುಗ ಹುಡುಗಿಯರು ಇಬ್ಬಿಬ್ಬರಂತೆ ಸರದಿಯ ಮೇಲೆ ಪೀಪಾಯಿಯ ಬಳಿ ನಿಂತರು. ಪೀಪಾಯಿಗೆ ಹಲಗೆಯ ಮುಚ್ಚಳ ಹಾಕಿ, ಬಿಸಿಯೂಟದ ಸೌಟಿನಿಂದ ತಾವೇ ನೀರು ಬಡಿಸಿದರು. ಊಟಕ್ಕೆ ಕುಳಿತವರ ಕೈಗೆ ಸಾಬೂನು ಕೊಟ್ಟು ನೀರು ಹನಿಸಿದರು. ಭೇದಿ ಹಿಡಿದಿದ್ದ ಮಕ್ಕಳಿಗೆ ಸಕ್ಕರೆ ಉಪ್ಪಿನ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ಆ ಕೇಂದ್ರದಲ್ಲಿ ಯಾವ ಮಗುವೂ ಸಾಯಲಿಲ್ಲ. ಅವರಾರೂ ವೈದ್ಯರಾಗಿರಲಿಲ್ಲ. ತಿಳಿದದ್ದನ್ನು ಹೊತ್ತಿಗೆ ಸರಿಯಾಗಿ ಮಾಡಿದವರು, ಅಷ್ಟೆ.

ಮನೆ ಕಳೆದುಕೊಂಡವನಿಗೆ ಮನೆಯನ್ನು ಕೂಡಲೆ ಕಟ್ಟಿಕೊಡಲು ಯಾರಿಂದಲೂ ಆಗದು. ಆದರೆ ಶುದ್ಧವಾದ ಒಂದು ಕೊಡ ನೀರನ್ನು ಮೊದಲ ದಿನವೇ ಕೊಡಬಹುದು, ಕೊಡಲೇಬೇಕು. ಅದು ಅವನಿಗೆ ನಾವು ಮಾಡುವ ಉಪಕಾರವಲ್ಲ, ಅವನ ಹಕ್ಕು. ಕುಡಿಯುವ ನೀರು ಮಾನವನ ಹಕ್ಕೆಂದು ವಿಶ್ವಸಂಸ್ಥೆಯ ಮಹಾಸಭೆಯೂ 2010ರಲ್ಲಿ ಒಪ್ಪಿಕೊಂಡಿದೆ. ನಾಳೆ ನಿಮ್ಮ ಶಾಲೆಯ ಬಾಗಿಲಿಗೂ ನೆಲೆ ತಪ್ಪಿದವರು ಬಂದು ನಿಲ್ಲಬಹುದು. ಅವರಿಗೆ ನೀವು ಕೊಡುವ ಮೊದಲ ಲೋಟ ನೀರು ಎಂಥದೆಂಬುದರ ಮೇಲೆ ಒಂದು ಜೀವ ನಿಂತಿರುತ್ತದೆ ಎಂಬುದನ್ನು ಮರೆಯದಿರಿ.

ಶಬ್ದಾರ್ಥ

ಅರವಟ್ಟಿಗೆ – ದಾರಿಹೋಕರಿಗೆ ನೀರು ಕೊಡುವ ಸ್ಥಳ
ಸವುಳು – ಉಪ್ಪುಪ್ಪಾದ
ದತ್ತಿ – ಧರ್ಮಕಾರ್ಯಕ್ಕಾಗಿ ಬಿಟ್ಟುಕೊಟ್ಟ ಆಸ್ತಿ
ಬಿಡಾರ – ತಂಗುವ ಸ್ಥಳ
ಆಮಶಂಕೆ – ರಕ್ತ, ಸಿಂಬಳ ಬೆರೆತ ಭೇದಿ
ಪಟಕ – ನೀರನ್ನು ತಿಳಿಗೊಳಿಸುವ ಒಂದು ಲವಣ
ಸಂತ್ರಸ್ತ – ಸಂಕಟಕ್ಕೆ ಒಳಗಾದವನು

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿ:
1. ನಿರಾಶ್ರಿತರ ನೆರವಿಗಾಗಿ 1971ರಲ್ಲಿ ಕಾಗದಗಳಿಗೆ ಏನನ್ನು ಹಚ್ಚಬೇಕಾಗಿತ್ತು?
2. ಗೋಮಾದಲ್ಲಿ ಶೌಚಗುಂಡಿಗಳನ್ನು ತೋಡುವುದು ಏಕೆ ಕಷ್ಟವಾಯಿತು?
3. ನೀರಿನಲ್ಲಿ ಉಳಿದ ಕ್ಲೋರಿನ್ನನ್ನು ಲೇಖಕರು ಯಾವುದಕ್ಕೆ ಹೋಲಿಸಿದ್ದಾರೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ:
1. ಬನಗಾಂವಿನಲ್ಲಿ ಡಾಕ್ಟರ್ ಮಹಲಾನಬಿಸ್ ಅವರು ಕೈಗೊಂಡ ಕ್ರಮವನ್ನು ವಿವರಿಸಿ.
2. 'ತಿಳಿಯಾದ ನೀರೆಲ್ಲ ಶುದ್ಧವಾದ ನೀರಲ್ಲ' – ಈ ಮಾತನ್ನು ಸಮರ್ಥಿಸಿ.
3. ಮಲಾವಿಯ ಪರೀಕ್ಷೆಯಿಂದ ತಿಳಿದುಬಂದದ್ದೇನು?

ಇ. ಸಂದರ್ಭ ಸಹಿತ ವಿವರಿಸಿ:
1. "ಮನೆ ಬಿಟ್ಟು ಬಂದವರಿಗಪ್ಪಾ."
2. "ಆ ವಾಸನಿನ ಈ ನೀರಿನ ಕಾವಲು ಯವ್ವಾ."

ಈ. ನಿಮ್ಮ ಶಾಲೆಯ ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಅದನ್ನು ಹೇಗೆ ಶೇಖರಿಸುತ್ತಾರೆ, ಶೌಚಾಲಯ ಅದರಿಂದ ಎಷ್ಟು ದೂರವಿದೆ ಎಂಬುದನ್ನು ನೋಡಿ ಒಂದು ಪುಟದ ವರದಿ ಬರೆಯಿರಿ.